ಕೊಂಡಿ ಹಾಕುವ ಕೈ

“ಐದು,” ಎಂದಳು ಸಾವಂತ್ರವ್ವ. ಅಷ್ಟಕ್ಕೆ ಅವಳ ಕೈ ನಿಂತಿತು.

ಎಡಗೈಯಲ್ಲಿ ಸೀರೆಯ ಮೈಯ ಹಸಿರು ನೂಲಿನ ಕುಣಿಕೆ, ಬಲಗೈಯಲ್ಲಿ ಸೆರಗಿನ ಕೆಂಪು ರೇಷ್ಮೆಯ ಎಳೆ. ಎರಡೂ ಒಂದರೊಳಗೊಂದು ಸೇರಬೇಕಾದ ಜಾಗಕ್ಕೆ ಬಂದು, ಬೆರಳಗಲದಷ್ಟು ದೂರದಲ್ಲಿ ನಿಂತುಬಿಟ್ಟಿದ್ದವು. ಅವಳು ಕತ್ತು ಓರೆ ಮಾಡಿ ತನ್ನ ಬೆರಳುಗಳನ್ನೇ ನೋಡಿದಳು. ಬೇರೆ ಯಾರದೋ ಬೆರಳು ನೋಡಿದ ಹಾಗಿತ್ತು ಆ ನೋಟ.

“ಆರು ಯಾವುದು?”

“ನೀನ ಹೇಳಬೇಕು ದೊಡ್ಡವ್ವಾ. ನಾ ಹೇಳಿದ್ರ ಅದು ಬರಕೊಳ್ಳಾಕ ಬರೂದಿಲ್ಲ,” ಎಂದಳು ಸುಶ್ಮಿತಾ.

“ಬಾಯಾಗ ಐತಿ, ಕೈಯಾಗ ಬರವಲ್ದು ನೋಡು,” ಎಂದು ಸಾವಂತ್ರವ್ವ ನಕ್ಕಳು.

ಅವಲಕ್ಕಿ ಡಬ್ಬಿಗೆ ಆನಿಸಿ ಇಟ್ಟಿದ್ದ ಫೋನು ಎಲ್ಲವನ್ನೂ ಚಿತ್ರ ತೆಗೆಯುತ್ತಿತ್ತು. ಸುಶ್ಮಿತಾ ನೋಟ್‌ಬುಕ್ಕಿನಲ್ಲಿ ಬರೆದುಕೊಂಡಳು: ಆರನೆಯ ನಡೆಗೆ ಮುನ್ನ ತಡೆ, ಹನ್ನೊಂದು ಸೆಕೆಂಡು. ಬರೆಯುವಾಗ ಅವಳಿಗೆ ಖುಷಿಯಾಗಿತ್ತು, ಅದನ್ನು ಮುಚ್ಚಿಟ್ಟು ಏನೂ ಪ್ರಯೋಜನವಿಲ್ಲ. ಹನ್ನೆರಡು ದಿನದಿಂದ ನೀರು ಹರಿದ ಹಾಗೆ ಹರಿದ ಕೈ ಮೊದಲ ಸಲ ಎಲ್ಲೋ ಮುಗ್ಗರಿಸಿತ್ತು. ಮುಗ್ಗರಿಸಿದಲ್ಲಿಯೇ ಒಳಗಿನ ಗುಟ್ಟು ಬಯಲಾಗುತ್ತದೆ ಎಂದು ಅವಳು ಓದಿದ ಪುಸ್ತಕಗಳೆಲ್ಲ ಹೇಳಿದ್ದವು.

ಇಳಕಲ್ಲಿನ ಸೀರೆಯ ಹಾಸು, ಎಂದರೆ ಮಗ್ಗಕ್ಕೆ ಉದ್ದಕ್ಕೆ ಎಳೆದು ಕಟ್ಟುವ ನೂಲು, ಮೈಗೆ ಬೇರೆ, ಸೆರಗಿಗೆ ಬೇರೆ. ಮೈಗೆ ಹತ್ತಿ, ಸೆರಗಿಗೆ ರೇಷ್ಮೆ. ಎರಡನ್ನೂ ಎಳೆಗೆ ಎಳೆ ಕುಣಿಕೆ ಹಾಕಿ ಕೂಡಿಸಿದ ಮೇಲೆಯೇ ಮಗ್ಗದಲ್ಲಿ ನೇಯುವುದು. ಆ ಕೂಡಿಸುವ ಕೆಲಸಕ್ಕೆ ಕೊಂಡಿ ಹಾಕುವುದು ಎನ್ನುತ್ತಾರೆ. ಸಾವಿರಗಟ್ಟಲೆ ಎಳೆಗಳು, ಒಂದು ತಪ್ಪಿದರೆ ಮುಂದಿನವೆಲ್ಲ ಒಂದೊಂದು ಮನೆ ಸರಿದು, ಕೊನೆಗೆ ಒಂದು ಕಡೆ ಎಳೆ ಮಿಕ್ಕಿ ನಿಲ್ಲುತ್ತದೆ. ಹಾಗೆ ನಿಂತರೆ ಅಷ್ಟೂ ಬಿಚ್ಚಿ ಮೊದಲಿನಿಂದ ಹಾಕಬೇಕು. ಓಣಿಯ ಹದಿನಾರು ಮಗ್ಗಗಳಿಗೆ ಸಾವಂತ್ರವ್ವನೇ ಕೊಂಡಿ ಹಾಕುತ್ತಿದ್ದಳು. ಮರೋಳದಿಂದ ಮದುವೆಯಾಗಿ ಈ ಮನೆಗೆ ಬಂದು ನಲವತ್ತೊಂದು ವರ್ಷ. ಅಷ್ಟು ವರ್ಷದಲ್ಲಿ ಅವಳ ಹಾಸಿನಲ್ಲಿ ಎಳೆ ಮಿಕ್ಕಿದ್ದನ್ನು ಯಾರೂ ಕಂಡಿರಲಿಲ್ಲ.

ಅದನ್ನು ಅವಳು ಮಾಡುತ್ತಿದ್ದ ರೀತಿಯೇ ಬೇರೆ. ಪಡಸಾಲೆಯಲ್ಲಿ ಕಾಲು ಚಾಚಿ ಕುಳಿತು, ಹಾಸಿನ ಒಂದು ತುದಿಯನ್ನು ಗೋಡೆಯ ಗೂಟಕ್ಕೆ, ಇನ್ನೊಂದನ್ನು ಕಾಲಿನ ಹೆಬ್ಬೆರಳಿಗೆ ಸಿಕ್ಕಿಸಿಕೊಂಡಳೆಂದರೆ ಬಾಯಿ ತೆರೆದುಕೊಳ್ಳುತ್ತಿತ್ತು. ಯಾರ ಮನೆಯ ಸೊಸೆ ಮುನಿಸಿಕೊಂಡು ತವರಿಗೆ ಹೋದಳು, ಯಾರ ಎಮ್ಮೆ ಈಯಿತು, ನಳದಲ್ಲಿ ನೀರು ಯಾವ ದಿನ ಬರುತ್ತದೆ, ಎಲ್ಲವೂ ಅಲ್ಲಿ ಇತ್ಯರ್ಥವಾಗುತ್ತಿದ್ದವು. ಬಾಗಿಲಿಗೆ ಬಂದವರೊಂದಿಗೆ ಮುಖ ಕೊಟ್ಟು ಮಾತಾಡುತ್ತಿರುವಾಗ ಕೈ ತನ್ನ ಪಾಡಿಗೆ ತಾನು ಸಾಗುತ್ತಿತ್ತು. ಅವಳು ಕೈ ಕಡೆ ನೋಡುತ್ತಿದ್ದುದು ಕೆಲಸ ಮುಗಿದ ಮೇಲೆ, ಒಂದೇ ಸಲ.

ಸುಶ್ಮಿತಾ ಅವಳ ಮೈದುನನ ಮಗಳು. ತಂದೆ ತಾಯಿ ಹುನಗುಂದದಲ್ಲಿದ್ದರು. ಮಕ್ಕಳಿಲ್ಲದ ಸಾವಂತ್ರವ್ವ ಹೈಸ್ಕೂಲು ಓದುವಾಗಲೇ ಅವಳನ್ನು ಕರೆತಂದು ತನ್ನ ಹತ್ತಿರ ಇಟ್ಟುಕೊಂಡಿದ್ದಳು. ಈಗ ಮೂವತ್ತೊಂದರ ಸುಶ್ಮಿತಾ ಊರಿನ ಒಂದು ಡಿಗ್ರಿ ಕಾಲೇಜಿನಲ್ಲಿ ಮನೋವಿಜ್ಞಾನದ ಅತಿಥಿ ಉಪನ್ಯಾಸಕಿ. ಅತಿಥಿಯಾಗಿಯೇ ಆರು ವರ್ಷ ಕಳೆದಿದ್ದವು. ಪಿಎಚ್‌ಡಿ ಆದರೆ ಮನೆಯವಳಾಗಬಹುದೇನೋ ಎಂಬ ಆಸೆಯಿಂದ ಬಾಗಲಕೋಟೆಯ ಪ್ರಭುಲಿಂಗ ಸರ್ ಅವರ ಬಳಿ ಹೆಸರು ಹಚ್ಚಿದ್ದಳು. ವಿಷಯ ಹುಡುಕುತ್ತ ಒಂದು ವರ್ಷ ಅಲೆದಳು. ಕೊನೆಗೆ ಸರ್ ಕೇಳಿದರು: “ನಿಮ್ಮ ಮನ್ಯಾಗ ಯಾರರ ಕೈಗೆಲಸದವರು ಅದಾರೇನು?”

ಆ ಪ್ರಶ್ನೆ ಕೇಳಿದವರೂ ಒಳ್ಳೆಯವರೇ, ಉತ್ತರ ಕೊಟ್ಟವಳೂ ಒಳ್ಳೆಯವಳೇ. ಕೆಟ್ಟವರು ಯಾರೂ ಇಲ್ಲದೆಯೂ ಇಂಥವು ನಡೆದುಹೋಗುತ್ತವೆ.

ಮೊದಲ ವಾರ ಸುಶ್ಮಿತಾ ಬರೀ ವಿಡಿಯೋ ತೆಗೆದಳು. ಅದನ್ನು ನಿಧಾನಗೊಳಿಸಿ ನೋಡಿದಾಗ, ಒಂದೊಂದು ಕೊಂಡಿಗೂ ಕೈ ಒಂಬತ್ತು ನಡೆ ನಡೆಯುವುದು ಗೊತ್ತಾಯಿತು. ಒಂದು, ಎಡ ಹೆಬ್ಬೆರಳು ಮೈಯ ಎಳೆಯನ್ನು ಎತ್ತುವುದು. ಎರಡು, ತೋರುಬೆರಳು ಕುಣಿಕೆಯ ಬಾಯಿ ತೆರೆಯುವುದು. ಹೀಗೆ ಒಂಬತ್ತು. ಅವುಗಳಲ್ಲಿ ಆರನೆಯದು ಎಲ್ಲಕ್ಕಿಂತ ಚಿಕ್ಕದು; ಬಲಗೈಯ ಕಿರುಬೆರಳು ಮುಂದಿನ ಎಳೆ ಅಡ್ಡ ಬಾರದಂತೆ ಅದನ್ನು ಮೆಲ್ಲಗೆ ಹಿಂದೆ ತಡೆದು ಹಿಡಿಯುತ್ತಿತ್ತು. ಕಣ್ಣು ಮಿಟುಕಿಸುವುದರೊಳಗೆ ಆಗಿಹೋಗುವ ಕೆಲಸ. ಅದನ್ನು ಕಂಡ ದಿನ ಸುಶ್ಮಿತಾಗೆ ಕುಳಿತಲ್ಲಿ ಕುಳಿತಿರಲಾಗಲಿಲ್ಲ. ಫೋನು ಹಿಡಿದು ಅಡಿಗೆಮನೆಗೆ ಓಡಿ, “ದೊಡ್ಡವ್ವಾ, ಇಲ್ಲಿ ನೋಡು, ನಿನ್ನ ಕಿರಿಬಳ್ಳು ಏನ ಮಾಡ್ತೈತಿ,” ಎಂದು ತೋರಿಸಿದಳು.

ತಪ್ಪು ಆದದ್ದು ಅಲ್ಲಿ.

ಸಾವಂತ್ರವ್ವ ಬಾಯಿ ಬಿಟ್ಟು ನೋಡಿದಳು. “ಅಯ್ಯ, ಇದು ನಾನ ಮಾಡೂದ? ನಲವತ್ತ ವರ್ಷ ಗೊತ್ತ ಇರಲಿಲ್ಲಲ್ಲವ್ವಾ,” ಎಂದಳು. ಅವಳಿಗೆ ಎಷ್ಟು ಹಿಗ್ಗಾಯಿತೆಂದರೆ ಓಣಿಯ ಹೆಂಗಸರನ್ನೆಲ್ಲ ಕರೆದು ತೋರಿಸಿದಳು. ಎರಡು ಮನೆ ಆಚೆಯ ಜೈನಬಿ, ಬಿಡುವಾದಾಗಲೆಲ್ಲ ಪಕ್ಕದಲ್ಲಿ ಕುಳಿತು ಕೊಂಡಿ ಹಾಕಲು ಕಲಿತವಳು, ಹೆಗಲಿಗೆ ಹೆಗಲು ತಾಗಿಸಿ ನೋಡಿ, “ನಿಮ್ಮ ಕೈ ಸಿನಿಮಾದಾಗ ಬಂದಂಗ ಆತಲ್ರಿ ಅಕ್ಕಾ,” ಎಂದಳು. ಆ ಸಂಜೆಯೆಲ್ಲ ಸಾವಂತ್ರವ್ವ ಒಂಬತ್ತನ್ನೂ ಬೆರಳಲ್ಲಿ ಎಣಿಸಿ ಎಣಿಸಿ ಬಾಯಿಪಾಠ ಮಾಡಿದಳು. ಮರುದಿನದಿಂದ ಸುಶ್ಮಿತಾ ಎರಡನೆಯ ಹಂತ ಶುರುಮಾಡಿದಳು: ಕೈ ಏನು ಮಾಡುತ್ತಿದೆಯೋ ಅದನ್ನು ಮಾಡುತ್ತ ಮಾಡುತ್ತಲೇ ಬಾಯಲ್ಲಿ ಹೇಳಬೇಕು.

ಹನ್ನೆರಡನೆಯ ದಿನ ಕೈ ನಿಂತದ್ದು ಹೀಗೆ. ಅದರ ಮರುದಿನ ಮೂರು ಸಲ ನಿಂತಿತು. ಅದಾಗಿ ನಾಲ್ಕನೆಯ ದಿನ ಓಣಿಯ ನೇಕಾರ ಶಿವಪುತ್ರನ ಹಾಸಿನ ಕೊಂಡಿ ಮುಗಿಸಿ, ಎಂದಿನಂತೆ ಒಂದೇ ಸಲ ಕೈ ಕಡೆ ನೋಡಿದಾಗ, ಅಂಚಿನಲ್ಲಿ ಒಂದು ಕೆಂಪು ಎಳೆ ಜೋಡಿಯಿಲ್ಲದೆ ನಿಂತಿತ್ತು.

ಸಾವಂತ್ರವ್ವ ಎಳೆಯನ್ನು ಬೆರಳಿಗೆ ಸುತ್ತಿ ಬಿಚ್ಚಿದಳು. ಒಳಗೆ ಮಗ್ಗದ ಕುಣಿಯಲ್ಲಿ ಕಾಲು ಇಳಿಬಿಟ್ಟು ಕುಳಿತಿದ್ದ ಗಂಡ ಕಳಕಪ್ಪನನ್ನು ಕರೆದಳು. ಅವನು ಎದ್ದು ಬಂದು, ಬಾಗಿ, ಕನ್ನಡಕ ಏರಿಸಿ ನೋಡಿದ.

“ನೂಲು ಒಂದ ಹೆಚ್ಚ ಬಂದಿರಬೇಕು,” ಎಂದ.

“ನೂಲು ಬರೋಬ್ಬರಿ ಐತಿ. ನಾ ತಪ್ಪೀನಿ.”

ಅವತ್ತು ಇಡೀ ಹಾಸು ಬಿಚ್ಚಿದಳು. ಬಿಚ್ಚುವಾಗ ಬಾಯಿ ಸುಮ್ಮನಿರಲಿಲ್ಲ, ಒಂಬತ್ತರಿಂದ ಒಂದರ ಕಡೆ ಹಿಂದುಮುಂದಾಗಿ ಎಣಿಸುತ್ತಿತ್ತು. ಸುಶ್ಮಿತಾ ಫೋನು ಆರಿಸಿ ಬದಿಗಿಟ್ಟು, “ದೊಡ್ಡವ್ವಾ, ಎಣಸಬ್ಯಾಡ ಬಿಡು. ನಂದು ಮುಗೀತು. ಇನ್ನ ಮೊದಲಿನಂಗ ಹಾಕು,” ಎಂದಳು.

“ಹೂಂ,” ಎಂದಳು ಸಾವಂತ್ರವ್ವ. “ಮೊದಲಿನಂಗ ಅಂದ್ರ ಹೆಂಗ ಅಂತ ನೋಡಾಕತ್ತೀನಿ.”

ಕಾಲೇಜಿನಲ್ಲಿ ಆ ವಾರ ಪಾಠ ಅದೇ ಇತ್ತು, ಅರಿವಿನ ಮನೋವಿಜ್ಞಾನ ಹುಟ್ಟಿ ಬೆಳೆದ ಬಗೆ. ಪಠ್ಯದಲ್ಲಿ ಅದಕ್ಕೆ ಬಾಯಲ್ಲಿ ತಿರುಗದ ಸಂಸ್ಕೃತದ ಹೆಸರಿತ್ತು. ಸುಶ್ಮಿತಾ ಬೆಂಚುಗಳಲ್ಲಿ ಕುಳಿತ ಹನ್ನೊಂದು ಹುಡುಗಿಯರಿಗೆ ಕತೆಯ ಹಾಗೆ ಹೇಳಿದಳು. ಸುಮಾರು ನೂರೈವತ್ತು ವರ್ಷದ ಹಿಂದೆ ಜರ್ಮನಿಯಲ್ಲಿ ಪ್ರಯೋಗಾಲಯ ಮಾಡಿ, ಜನರನ್ನು ಕೂರಿಸಿ, ನಿಮ್ಮ ಮನಸ್ಸಿನೊಳಗೆ ಏನು ನಡೆಯುತ್ತಿದೆಯೆಂದು ನೀವೇ ನೋಡಿ ಹೇಳಿರಿ ಎಂದರು. ಒಬ್ಬರು ಹೇಳಿದ್ದು ಇನ್ನೊಬ್ಬರಿಗೆ ತಾಳೆಯಾಗಲಿಲ್ಲ. ಆಮೇಲೆ ಬಂದವರು, ಮನಸ್ಸಿನ ಮಾತೇ ಬೇಡ, ಹೊರಗೆ ಕಾಣುವುದಷ್ಟೇ ಸಾಕು ಎಂದು ಇಲಿ, ಪಾರಿವಾಳಗಳ ಬೆನ್ನು ಹತ್ತಿದರು. ಕಂಪ್ಯೂಟರ್ ಬಂದ ಕಾಲಕ್ಕೆ, ಯಂತ್ರಕ್ಕೇ ಒಳಗೊಂದು ನಡೆ ಇರುವಾಗ ಮನುಷ್ಯನಿಗೆ ಇಲ್ಲವೇ ಎಂದು ಮತ್ತೆ ಒಳಗೆ ಹೊಕ್ಕರು. ನೆನಪು ಎಷ್ಟು ಹಿಡಿಯುತ್ತದೆ, ಗಮನ ಎಲ್ಲಿ ನಿಲ್ಲುತ್ತದೆ ಎಂದು ಅಳೆದರು. ಮಾಡುತ್ತ ಮಾಡುತ್ತ ಬಾಯಲ್ಲಿ ಹೇಳಿಸಿ ಬರೆದುಕೊಳ್ಳುವ ಪದ್ಧತಿ ಹಾಗೆ ಮರಳಿ ಬಂತು.

ಸುಮಾ ಎಂಬ ಹುಡುಗಿ ಕೈ ಎತ್ತಿದಳು. “ಮೇಡಮ್, ಹೇಳಕೋತ ಮಾಡಿದ್ರ, ಮಾಡೂದ ಬದಲಾಗೂದಿಲ್ಲೇನ್ರಿ?”

“ಸ್ವಲ್ಪ ನಿಧಾನ ಆಗ್ತೈತಿ, ಅಷ್ಟ,” ಎಂದಳು ಸುಶ್ಮಿತಾ. ಪುಸ್ತಕದಲ್ಲಿ ಹಾಗೆಯೇ ಇತ್ತು. ಹೇಳಿ ಬೋರ್ಡಿನ ಕಡೆ ತಿರುಗಿದವಳಿಗೆ ಸೀಮೆಸುಣ್ಣ ಹಿಡಿದು ಏನು ಬರೆಯಬೇಕೆಂದು ಹೊಳೆಯಲಿಲ್ಲ.

ಮುಂದಿನ ಹದಿನೈದು ದಿನದಲ್ಲಿ ಪಡಸಾಲೆಯ ಮೂಲೆಯಲ್ಲಿ ಏಳು ಹಾಸುಗಳು ಸೇರಿದವು. ಲಗ್ನದ ಸುಗ್ಗಿ ಹತ್ತಿರ ಬಂದಿತ್ತು. ಕೊಂಡಿಯಿಲ್ಲದೆ ಹಾಸು ಏರುವುದಿಲ್ಲ, ಹಾಸು ಏರದೆ ಮಗ್ಗ ಆಡುವುದಿಲ್ಲ. ಓಣಿಯಲ್ಲಿ ಏಳು ಮನೆಗಳ ಸದ್ದು ಅಡಗಿತ್ತು. ಶಿವಪುತ್ರ ದಿನಾ ಬೆಳಿಗ್ಗೆ ಬಾಗಿಲಿಗೆ ಬಂದು ನಿಂತು, ಮೂಲೆಯ ಕಡೆ ಕಣ್ಣು ಹಾಯಿಸಿ, “ಸಾವಕಾಶ ಆಗಲಿ ದೊಡ್ಡವ್ವಾರ, ಅವಸರ ಏನಿಲ್ಲ,” ಎಂದು ಹೋಗುತ್ತಿದ್ದ. ಬೈದಿದ್ದರೆ ಸಾವಂತ್ರವ್ವನಿಗೆ ತಡೆದುಕೊಳ್ಳಬಹುದಾಗಿತ್ತು.

ದವಾಖಾನೆಗೂ ಹೋದರು. ಡಾಕ್ಟರು ಬೆರಳು ಮಡಚಿಸಿ, ಬಿಡಿಸಿ, ಮೊಣಕೈಗೆ ಬಡಿದು ನೋಡಿ, ನರಗಳಿಗೆ ಏನೂ ಆಗಿಲ್ಲ ಎಂದರು. ಕಳಕಪ್ಪ ಒಂದು ಶುಕ್ರವಾರ ಅವಳನ್ನು ಬಾದಾಮಿಯ ಬಸ್ಸು ಹತ್ತಿಸಿ ಚೊಳಚಗುಡ್ಡದ ಬನಶಂಕರಿಗೆ ಕರೆದೊಯ್ದ. ಮನೆದೇವರು, ನೂಲಿನ ಲಡಿಯೊಂದನ್ನು ಉಡಿಯಲ್ಲಿಟ್ಟು ಬೇಡಿಕೊಂಡು ಬಂದರು. ಬಂದವಳು ಸುಶ್ಮಿತಾಳನ್ನು ಹತ್ತಿರ ಕರೆದು ದನಿ ತಗ್ಗಿಸಿ ಹೇಳಿದಳು: “ಗುಡಿಯಾಗ ಕಾಲು ಎಣಸಾಕ ಹತ್ತಿದ್ನವ್ವಾ. ಎಡಗಾಲು ಒಂದು, ಬಲಗಾಲು ಎರಡು. ದೇವಿ ಮುಂದ ನಿಂತ್ರ ಕೈ ಮುಗಿಯೂದು ಎಷ್ಟ ನಡಿ ಅಂತ ತಲ್ಯಾಗ ಬಂತು. ಏನ ಬೇಡಿದ್ನೋ ನೆನಪಿಲ್ಲ.”

ಸುಶ್ಮಿತಾಗೆ ಅಂದು ಮೊದಲ ಸಲ ಹೆದರಿಕೆಯಾಯಿತು. ಮರುದಿನವೇ ಬಾಗಲಕೋಟೆಗೆ ಹೋದಳು.

ಪ್ರಭುಲಿಂಗ ಸರ್ ನವನಗರದ ತಮ್ಮ ಮನೆಯ ಮುಂದಿನ ಕೋಣೆಯಲ್ಲಿ ಕುಳಿತು ಅವಳ ವಿಡಿಯೋಗಳನ್ನು ಒಂದೊಂದಾಗಿ ನೋಡಿದರು. ಆರನೆಯ ನಡೆಗೆ ಕೈ ನಿಲ್ಲುವುದನ್ನು ಮೂರು ಸಲ ಹಿಂದೆ ಸರಿಸಿ ನೋಡಿದರು. ನೋಡುತ್ತ ನೋಡುತ್ತ ಅವರ ಮುಖ ಅರಳಿತು. ಅದನ್ನು ಕಂಡು ಸುಶ್ಮಿತಾಗೆ ಎದ್ದು ಹೊರಟುಬಿಡಬೇಕೆನಿಸಿತು.

“ಸುಶ್ಮಿತಾ, ಇದು ಭಾಳ ದೊಡ್ಡದು ಸಿಕ್ಕೈತಿ ನಿನಗ. ಕೌಶಲ ಹೆಂಗ ಒಡೀತೈತಿ ಅನ್ನೂದು ದಿನದಿಂದ ದಿನಕ್ಕ ದಾಖಲಾಗೈತಿ. ಇದನ್ನ ಬ್ಯಾರೆ ಅಧ್ಯಾಯ ಮಾಡು.”

“ಸರ್, ಅದು ವಾಪಸ್ ಹೆಂಗ ಬರ್ತೈತ್ರಿ?”

“ಏನು?”

“ಕೈ. ಅವರ ಕೈ ಮತ್ತ ಮೊದಲಿನಂಗ ಆಗಬೇಕಂದ್ರ ಏನ ಮಾಡಬೇಕ್ರಿ?”

ಸರ್ ಕನ್ನಡಕ ತೆಗೆದು ಒರೆಸಿದರು. ಎದ್ದು ಹೋಗಿ ಒಂದು ಪುಸ್ತಕ ತಂದರು, ಇನ್ನೊಂದು ತಂದರು, ಹಾಳೆ ತಿರುವಿದರು. ಅಭ್ಯಾಸವಾದ ಕೆಲಸದ ಮೇಲೆ ಗಮನ ಇಟ್ಟರೆ ಅದು ಕೆಡುತ್ತದೆ ಎಂದು ಇಬ್ಬರಿಗೂ ಗೊತ್ತಿದ್ದ ಮಾತನ್ನೇ ಅವು ನಾಲ್ಕು ಬಗೆಯಲ್ಲಿ ಹೇಳಿದ್ದವು. ಕ್ರಿಕೆಟ್ಟಿನಲ್ಲಿ ಬೌಲಿಂಗ್ ಹಿಡಿತ ಕಳೆದುಕೊಂಡವರ ಉದಾಹರಣೆ ಇತ್ತು. ಪಿಟೀಲು ನುಡಿಸುವವರದು ಇತ್ತು.

“ಕೆಲವರಿಗೆ ತಾನ ಬರ್ತೈತಿ,” ಎಂದರು ಕೊನೆಗೆ. “ಕೆಲವರಿಗೆ ಬರೂದಿಲ್ಲ. ಯಾರಿಗೆ ಬರ್ತೈತಿ ಅನ್ನೂದು ಯಾರಿಗೂ ಗೊತ್ತಿಲ್ಲ. ಮನಸ್ಸ ಬ್ಯಾರೆ ಕಡೆ ಹೊಳ್ಳಿಸಿ ನೋಡು.” ಹೊರಡುವಾಗ ಗೇಟಿನ ತನಕ ಬಂದು, ಮೆಲ್ಲಗೆ, “ಇನ್ನೊಬ್ಬರ ಮ್ಯಾಲ ಸೈತ ಮಾಡಿದ್ರ ಹೋಲಿಕಿಗೆ ಬರ್ತೈತಿ. ಅಂಥವರು ಓಣ್ಯಾಗ ಯಾರರ ಇದ್ರ ನೋಡು,” ಎಂದರು.

ಬಸ್ಸಿನಲ್ಲಿ ಸುಶ್ಮಿತಾ ಕಿಟಕಿಗೆ ತಲೆ ಆನಿಸಿ ಅತ್ತಳು. ರೋಗದ ಹೆಸರು ಬಾಯಿಗೆ ಬರುತ್ತದೆ, ಇಂಥ ವರ್ಷ ಇಂಥ ದೇಶದಲ್ಲಿ ಮೊದಲು ಬರೆದರು ಎಂದು ಹೇಳಲು ಬರುತ್ತದೆ, ಮದ್ದು ಮಾತ್ರ ಗೊತ್ತಿಲ್ಲ. ಇಷ್ಟಕ್ಕೆ ಇಷ್ಟು ವರ್ಷ ಓದಿದೆನಲ್ಲ ಎನಿಸಿತು. ಅಮೀನಗಡ ದಾಟುವಾಗ ಕಣ್ಣೊರೆಸಿಕೊಂಡು, ಫೋನಿನಲ್ಲಿದ್ದ ಅರವತ್ತಮೂರು ವಿಡಿಯೋಗಳನ್ನೂ ಅಳಿಸಿಹಾಕಿದಳು. ಅಳಿಸಿದ್ದು ಫೋನಿನಿಂದ. ಅವು ಇದ್ದದ್ದು ದೊಡ್ಡವ್ವನ ತಲೆಯೊಳಗೆ.

ಆದರೂ ಕೈಕಟ್ಟಿ ಕೂರಲಿಲ್ಲ. ಪುಸ್ತಕದಲ್ಲಿದ್ದುದನ್ನೆಲ್ಲ ಮಾಡಿದಳು. ರೇಡಿಯೋ ಹಚ್ಚಿದಳು. ನೂರರಿಂದ ಹಿಂದಕ್ಕೆ ಮೂರು ಮೂರು ಕಳೆಯುತ್ತ ಕೊಂಡಿ ಹಾಕಿಸಿದಳು. ಸಾವಂತ್ರವ್ವನಿಗೆ ಕಳೆಯುವುದೂ ಬರಲಿಲ್ಲ, ಕೊಂಡಿಯೂ ಬರಲಿಲ್ಲ. ಒಂದು ಭಾನುವಾರ ಮಧ್ಯಾಹ್ನ ಹಳೆಯ ವೇಲಿನಿಂದ ಅವಳ ಕಣ್ಣು ಕಟ್ಟಿ, ಹಾಸಿನ ಮುಂದೆ ಕೂರಿಸಿ, “ನೀ ಸಣ್ಣಾಕಿದ್ದಾಗ ಸಾಲಿ ತಪ್ಪಿಸಿದ್ದ ಹೇಳು,” ಎಂದಳು.

“ಅದನ್ನೇನ ಹೇಳೂದವ್ವಾ.”

“ಹೇಳು. ನಿನ್ನ ತಂಗಿ, ಮಲ್ಲಮ್ಮ ಚಿಗವ್ವನೂ ಇದ್ಲಲ್ಲ?”

“ಇದ್ಲು. ಆಕೀನ ನನ್ನ ಕೆಡಿಸಿದಾಕಿ.” ಸಾವಂತ್ರವ್ವ ಕಟ್ಟಿದ ಕಣ್ಣಿನಲ್ಲೇ ಮುಖ ಎತ್ತಿದಳು. “ಮಾಸ್ತರ ಮಗ್ಗಿ ಕೇಳ್ತಾರ ಅಂತ ಇಬ್ಬರೂ ಹೋಗಿ ನೆಲದಾಗಿನ ಜ್ವಾಳದ ಹಗೇದಾಗ ಇಳದ್ವಿ. ಜ್ವಾಳ ಅರ್ಧ ಖಾಲಿ ಆಗಿತ್ತು. ಒಳಗ ಧಗಿ ಅಂದ್ರ ಧಗಿ. ಮಲ್ಲಿ ಅಂತಾಳ, ಅಕ್ಕಾ, ಇಲ್ಲೇ ಸತ್ರ ಅವ್ವ ಏನ ಅಂತಾಳ ಅಂತ. ನಾ ಅಂದ್ನಿ, ಸತ್ತಮ್ಯಾಲ ಅವ್ವನ ಬೈಗಳ ಕೇಳಸೂದಿಲ್ಲ ಸುಮ್ನಿರು...”

ಕೈ ಹೊರಟಿತ್ತು. ಎಡ ಹೆಬ್ಬೆರಳು ಎತ್ತಿತು, ತೋರುಬೆರಳು ತೆರೆಯಿತು, ಕೆಂಪು ಎಳೆ ಬಂತು, ಕಿರುಬೆರಳು ತಡೆಯಿತು, ಬಿಟ್ಟಿತು. ಒಂದು ಕೊಂಡಿ, ಅದರ ಬೆನ್ನಿಗೆ ಇನ್ನೊಂದು. ಹತ್ತು, ಇಪ್ಪತ್ತು, ಎಲ್ಲವೂ ಸಾಲಾಗಿ. ಒಳಗೆ ಮಗ್ಗದ ಸದ್ದು ನಿಂತಿತು. ಕಳಕಪ್ಪ ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದ. ಮುಂದೆ ಒಂದು ಹೆಜ್ಜೆಯನ್ನೂ ಇಡಲಿಲ್ಲ.

“...ಸಂಜಿಮುಂದ ಅವ್ವ ಜ್ವಾಳ ತಗಿಯಾಕ ಬಗ್ಗಿ ನೋಡ್ತಾಳ, ಒಳಗ ನಾಕ ಕಣ್ಣು. ಚಿಟ್ಟನ ಚೀರಿ, ಪುಟ್ಟಿ ಒಗದು ಓಡಿದ್ಲು. ಅಪ್ಪ ಬಂದ, ಬಡಿಗಿ ತಗೊಂಡು, ಹಾವು ಐತಿ ಅಂತ...” ಸಾವಂತ್ರವ್ವ ನಗುತ್ತಿದ್ದಳು. ಕೈ ನಲವತ್ತು ದಾಟಿತ್ತು. ನಗುತ್ತಲೇ ಅವಳ ದನಿ ಬೇರೆಯಾಯಿತು. “ಸುಶ್ಮಿ, ಬಂತು. ನೋಡು, ಬರಾಕತ್ತೈತಿ.”

ಹೇಳಿದ ಕೂಡಲೇ ಕೈ ನಿಂತಿತು.

ಅವಳ ತುಟಿ ತಾನಾಗಿ ಅಲುಗಿತು. “ಐದು,” ಎಂದಿತು. ಕಿರುಬೆರಳು ನೆಟ್ಟಗೆ ಸೆಟೆದು ಗಾಳಿಯಲ್ಲಿ ನಿಂತಿತ್ತು. ಕಳಕಪ್ಪ ತಿರುಗಿ ಒಳಗೆ ಹೋದ. ಬಹಳ ಹೊತ್ತು ಮಗ್ಗದ ಸದ್ದು ಕೇಳಲಿಲ್ಲ.

ಸಾವಂತ್ರವ್ವ ಕಣ್ಣಿನ ಬಟ್ಟೆ ಬಿಚ್ಚಿ ಮಡಿಲಲ್ಲಿಟ್ಟುಕೊಂಡಳು. ಅವಳಿಗೆ ಸಿಟ್ಟು ಬಂದಿರಲಿಲ್ಲ. ಬಂದಿದ್ದರೆ ಚೆನ್ನಾಗಿತ್ತು ಎಂದು ಸುಶ್ಮಿತಾ ಆಮೇಲೆ ಎಷ್ಟೋ ಸಲ ಅಂದುಕೊಂಡಳು.

“ನೀ ಇಟ್ಟೀದಿ ಅಲ್ಲವ್ವಾ ಇದನ್ನ ಒಳಗ,” ಎಂದಳು. “ನೀನ ತಗದಬಿಡು.”

“ದೊಡ್ಡವ್ವಾ...”

“ನೀ ಕಲತಾಕಿ. ಇಡಾಕ ಬಂತು ಅಂದಮ್ಯಾಲ ತಗಿಯಾಕೂ ಬರಬೇಕಲ್ಲ. ಎಷ್ಟ ದಿನ ಆದ್ರೂ ಆಗಲಿ, ನೀ ಹೇಳಿದಂಗ ಕುಂಡರ್ತೇನಿ.”

ಸುಶ್ಮಿತಾ ಅವಳ ಎರಡೂ ಕೈಗಳನ್ನು ಹಿಡಿದುಕೊಂಡಳು. ತನಗೆ ಬರುವುದಿಲ್ಲ ಎಂಬ ಒಂದು ಮಾತಿತ್ತು, ಅದನ್ನು ಹೇಳಲು ನಾಲಿಗೆ ಏಳಲಿಲ್ಲ. ತಾನು ಸುಮ್ಮನಿದ್ದದ್ದನ್ನೇ ದೊಡ್ಡವ್ವ ಉತ್ತರವೆಂದು ತಿಳಿದುಕೊಂಡಳು ಎಂಬುದು, ಆ ಕೈಗಳು ಮೆಲ್ಲಗೆ ಬಿಡಿಸಿಕೊಂಡು ಹೋದಾಗ ಗೊತ್ತಾಯಿತು.

ಆಮೇಲೆ ಅದು ಅಡಿಗೆಮನೆಗೂ ಬಂತು. ರೊಟ್ಟಿ ಬಡಿಯುವಾಗ ಅಂಗೈ ಅರ್ಧಕ್ಕೆ ನಿಲ್ಲುತ್ತಿತ್ತು; ಎಷ್ಟು ಬಡಿತಕ್ಕೆ ಎಷ್ಟು ತಿರುವು ಎಂದು ಅವಳು ಹಿಟ್ಟನ್ನೇ ನೋಡುತ್ತ ಕೂರುತ್ತಿದ್ದಳು. ರೊಟ್ಟಿ ಅಂಚಿನಲ್ಲಿ ಸೀಳುತ್ತಿತ್ತು. ಅರವತ್ತು ವರ್ಷ ಜೋಳದ ರೊಟ್ಟಿ ಬಿಟ್ಟು ಊಟ ಮಾಡದ ಕಳಕಪ್ಪ ಒಂದು ದಿನ, “ಇವತ್ತ ಅನ್ನ ಮಾಡಿಬಿಡು, ಯಾಕೋ ಅನ್ನ ಉಣಬೇಕು ಅನಿಸೈತಿ,” ಎಂದ. ಮರುದಿನವೂ ಹಾಗೆಯೇ ಎಂದ. ಸುಶ್ಮಿತಾ ಅವನಿಗೆ ನೀರು ಕೊಡಲು ಮಗ್ಗದ ಮನೆಗೆ ಹೋದಾಗ ಲಾಳಿ ಹಿಡಿದ ಕೈಯನ್ನು ಸೆರಗಿನ ರೇಷ್ಮೆಯ ಕೆಳಗೆ ಸರಿಸಿಕೊಂಡು, “ನನ್ನ ಕೈ ನೋಡಬ್ಯಾಡವ್ವಾ,” ಎಂದ. ದನಿಯಲ್ಲಿ ಬೇಸರವಿರಲಿಲ್ಲ. ಸುಶ್ಮಿತಾಗೆ ಜೀವನದಲ್ಲಿ ಯಾರೂ ಅಷ್ಟು ದೊಡ್ಡ ಮಾತು ಆಡಿರಲಿಲ್ಲ.

ಒಂದು ಬುಧವಾರ ಬೆಳಿಗ್ಗೆ ಸಾವಂತ್ರವ್ವ ತಾನೇ ಎದ್ದು, ಮೂಲೆಯಲ್ಲಿದ್ದ ಏಳು ಹಾಸುಗಳನ್ನು ಎರಡು ಗಂಟು ಕಟ್ಟಿದಳು. “ನಡಿ, ಒಂದ ನೀ ಹಿಡಿ,” ಎಂದಳು. ಸುಶ್ಮಿತಾ ಇನ್ನೊಂದು ಗಂಟು ಎತ್ತಿಕೊಂಡಳು. ಎರಡು ಮನೆ ದಾಟುವ ದಾರಿ. ಶಿವಪುತ್ರ ಕಟ್ಟೆಯ ಮೇಲೆ ಕುಳಿತಿದ್ದವನು ಗಂಟುಗಳನ್ನು ನೋಡಿ ಎದ್ದು ನಿಂತ, ತಲೆ ತಗ್ಗಿಸಿದ.

ಜೈನಬಿ ಬಾಗಿಲಲ್ಲಿ ಕಂಡು ಗಾಬರಿಯಾದಳು. “ನೀವ್ಯಾಕ ಹೊತ್ತ ತಂದ್ರಿ ಅಕ್ಕಾ, ಹೇಳಿ ಕಳಿಸಿದ್ರ ನಾ ಬರ್ತಿದ್ನಿ,” ಎಂದು ಗಂಟು ಇಳಿಸಿಕೊಂಡಳು. ಚಾಪೆ ಹಾಸಿದಳು. ಹಾಸು ತೆಗೆಯಲು ಹಿಂಜರಿದಳು. ಸಾವಂತ್ರವ್ವನೇ ಶಿವಪುತ್ರನ ಹಾಸು ಬಿಚ್ಚಿ, ಒಂದು ತುದಿಯನ್ನು ಗೂಟಕ್ಕೆ ಹಾಕಿ, ಇನ್ನೊಂದನ್ನು ಜೈನಬಿಯ ಕಾಲ ಹೆಬ್ಬೆರಳಿಗೆ ಸಿಕ್ಕಿಸಿದಳು. “ಇದು ಮೊದಲ ಹಾಕು. ಭಾಳ ದಿನ ಕಾದಾನ,” ಎಂದಳು.

ಜೈನಬಿ ಶುರುಮಾಡಿದಳು. ಮೊದಲ ಹತ್ತು ಹದಿನೈದು ಎಳೆಯ ತನಕ ಸಂಕೋಚವಿತ್ತು, ಆಮೇಲೆ ಕೈ ಹದಕ್ಕೆ ಬಂತು. ನೋಡಿ ನೋಡಿ ಕಲಿತ ಕೈ. ಅದೇ ಹೆಬ್ಬೆರಳು, ಅದೇ ಕಿರುಬೆರಳು. ಸುಶ್ಮಿತಾ ಬಾಗಿಲ ಬಳಿ ನಿಂತು ನೋಡುತ್ತಿದ್ದವಳು, ತಾನು ನೋಡುತ್ತಿದ್ದೇನೆ ಎಂದು ಹೊಳೆದು ಮುಖ ತಿರುಗಿಸಿದಳು.

“ಅಕ್ಕಾ,” ಎಂದಳು ಜೈನಬಿ, ಕೈ ನಿಲ್ಲಿಸದೆ. “ನಿಮ್ಮ ಸುಶ್ಮಿತಾ ಫೋನಿನ್ಯಾಗ ತೋರಿಸಿದ್ಲಲ್ರಿ, ಆ ಒಂಬತ್ತು. ಅವತ್ತ ನನಗ ಬರೋಬ್ಬರಿ ತಿಳೀಲಿಲ್ರಿ. ಈಗ ಹೇಳಿಕೊಡ್ರಿ. ಅದು ಗೊತ್ತಾದ್ರ ನಂದೂ ಕೈ ಛಲೋ ತಿದ್ದೀತು.”

ಸಾವಂತ್ರವ್ವನಿಗೆ ಆ ಒಂಬತ್ತೂ ಕಣ್ಣಿಗೆ ಕಟ್ಟಿದ ಹಾಗಿದ್ದವು. ಯಾವ ಬೆರಳು ಎಲ್ಲಿಂದ ಹೊರಟು ಎಲ್ಲಿ ನಿಲ್ಲುತ್ತದೆ, ಯಾವ ಎಳೆಯನ್ನು ಎಷ್ಟು ತಡೆಯುತ್ತದೆ ಎಂಬುದು ಇಡೀ ಇಳಕಲ್ಲಿನಲ್ಲಿ ಅವಳೊಬ್ಬಳಿಗೇ ಅಷ್ಟು ಚೊಕ್ಕಟವಾಗಿ ಗೊತ್ತಿತ್ತು.

“ಅಯ್ಯ, ಅದೆಲ್ಲಾ ಮರತಬಿಟ್ನಿ ಜೈನಬಿ,” ಎಂದಳು. “ಅದರಾಗ ಏನೂ ಇದ್ದಿದ್ದಿಲ್ಲ ಬಿಡು.”

“ಒಂದ ಎರಡರ ಹೇಳ್ರಿ.”

“ಇಲ್ಲವ್ವಾ, ನೆನಪಾಗವಲ್ದು. ನಿನ್ನ ಮಗಳಿಗೆ ಗಜೇಂದ್ರಗಡದಾಗ ವರಾ ನೋಡಾಕ ಹೋಗಿದ್ರಂತಲ್ಲ, ಅದೇನಾತು ಹೇಳು. ಮೊದಲಿಂದ ಹೇಳು.”

ಜೈನಬಿ ಮುಖ ಎತ್ತಿ, ನಾಚಿ, ಹೇಳತೊಡಗಿದಳು. ಹುಡುಗನ ತಾಯಿ ಬಾಗಿಲಲ್ಲೇ ಚಹಾ ಬೇಡವೆಂದದ್ದು, ಹುಡುಗ ಗೋಡೆಯ ಗಡಿಯಾರವನ್ನೇ ನೋಡುತ್ತ ಕುಳಿತದ್ದು. ಸಾವಂತ್ರವ್ವ ಹೂಂಗುಡುತ್ತ, ಆಮೇಲೆ, ಆಮೇಲೆ ಎಂದು ಮಾತು ಮುಂದಕ್ಕೆ ನೂಕುತ್ತ ಗೋಡೆಗೆ ಒರಗಿ ಕುಳಿತಳು. ಜೈನಬಿಯ ಕೈ ಸರಸರ ಸಾಗುತ್ತಿತ್ತು. ಸಾವಂತ್ರವ್ವ ಒಂದು ಸಲವೂ ಆ ಕಡೆ ನೋಡಲಿಲ್ಲ. ತನ್ನ ಎರಡೂ ಕೈಗಳನ್ನು ಸೆರಗಿನೊಳಗೆ ಎಳೆದುಕೊಂಡು, ಯಾರಿಗೂ ಕಾಣದಂತೆ ಒಂದನ್ನು ಇನ್ನೊಂದರಿಂದ ಬಿಗಿಯಾಗಿ ಹಿಡಿದುಕೊಂಡಿದ್ದಳು.